ಮನೆಯವರು

ಔಷಧಿ ಅಂಗಡಿಯವನು ಸಿರಪ್ಪಿನ ಬಾಟಲಿಯನ್ನು ಬೆಳಕಿಗೆ ಹಿಡಿದು ತಾರೀಕು ನೋಡುತ್ತ, "ಇದು ಯಾರಿಗೆ ಮೇಡಂ, ನಿಮಗೇನಾ?" ಎಂದು ಕೇಳಿದ. "ಅಲ್ಲ, ನಮ್ಮತ್ತೆಗೆ. ಅವರದು ಮುಗಿಯದ ಕೆಮ್ಮು," ಎಂದಳು. ಹೇಳಿದ್ದು ಅವನಿಗೆ, ಕೇಳಿಸಿದ್ದು ಅವಳಿಗೇ. ಚೀಲದ ಜಿಪ್ಪಿಗೆ ಹೋದ ಕೈ ಅಲ್ಲೇ ನಿಂತುಬಿಟ್ಟಿತು. ಈಗತಾನೆ ರಸ್ತೆಯ ಆ ಬದಿಯ ಕ್ಲಿನಿಕ್ಕಿನಲ್ಲಿ ವಯಸ್ಸಾದ ಡಾಕ್ಟರು ಅವಳ ನಾಲಿಗೆಯನ್ನು ಅದುಮಿ, ಗಂಟಲಿಗೆ ಟಾರ್ಚು ಬಿಟ್ಟು, "ಕೆಂಪಾಗಿದೆ. ಮನೆಯವರಿಗೂ ಕೆಮ್ಮು ಇದೆಯಾ?" ಎಂದು ಕೇಳಿದ್ದರು. "ಇಲ್ಲ ಡಾಕ್ಟ್ರೇ, ಆರಾಮಾಗಿದಾರೆ," ಎಂದು ಇವಳು ತಟ್ಟನೆ ಹೇಳಿದ್ದಳು. ಹಾಗೆ ಹೇಳುವಾಗ ಅವಳ ಕಣ್ಣ ಮುಂದೆ ಬಂದವನು ಗಂಡ. ಬೆಳಿಗ್ಗೆ ಕನ್ನಡಿಯ ಮುಂದೆ ಕೆನ್ನೆ ಉಬ್ಬಿಸಿಕೊಂಡು ಗಡ್ಡ ಹೆರೆಯುತ್ತ ಏನೋ ಗುನುಗುತ್ತಿದ್ದ ಗಂಡ, ಅವನೊಬ್ಬನೇ. ಗೋಡೆಯ ಆಚೆ ಕೆಮ್ಮಿ ಕೆಮ್ಮಿ ಅವಳ ನಿದ್ದೆ ಕೆಡಿಸಿದ ಅತ್ತೆ ಬರಲಿಲ್ಲ. ಮೂಗು ಸೋರಿಸಿಕೊಂಡು ಸ್ಕೂಲಿಗೆ ಹೋದ ಮಗಳೂ ಬರಲಿಲ್ಲ. ಮನೆಯಲ್ಲಿ ನಾಲ್ಕು ಜನ, ನೆನಪಿಗೆ ಬಂದದ್ದು ಒಂದು ಮುಖ. ಅದೂ ಗಂಡನನ್ನು ಒಮ್ಮೆಯೂ 'ಮನೆಯವರು' ಎಂದು ಕರೆಯದ, ಹಾಗೆ ಕರೆಯುವ ಗೆಳತಿಯರನ್ನು ಬೇಕಾದಷ್ಟು ಆಡಿಕೊಂಡಿದ್ದ ಹೆಂಗಸಿಗೆ. ಅಂಗಡಿಯವನು ಬಾಟಲಿಗೆ ಕಾಗದ ಸುತ್ತಿ ಕೈಗೆ ಕೊಟ್ಟ. ಅವಳು ಮೆಟ್ಟಿಲು ಇಳಿಯುವಾಗ ಕಾಲು ತಪ್ಪಿ, ಪಕ್ಕದಲ್ಲಿದ್ದವರ ತೋಳು ಹಿಡಿದುಕೊಂಡು, ಅವರು "ನೋಡ್ಕೊಂಡು ಹೋಗಮ್ಮ" ಎಂದದ್ದಕ್ಕೆ "ನೋಡ್ಲಿಲ್ಲ" ಎಂದು ಏನೇನೋ ಗೊಣಗಿದಳು.

'ನಿಮ್ಮ ಮನೆಯವರಿಗೆ ಎರಡು ವಾರಕ್ಕಿಂತ ಹೆಚ್ಚಾಗಿ ಕೆಮ್ಮು ಇದೆಯೇ?' ಈ ವಾಕ್ಯ ಅವಳದು. ಕ್ಷಯ ಬಂದವರ ಮನೆಗಳಿಗೆ ಹೋಗಿ ಕೇಳಬೇಕಾದ ಪ್ರಶ್ನೆಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದವಳು ಅವಳು. ಆಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ. ಅವಳ ಮೇಷ್ಟ್ರು, ಈಗ ನಿವೃತ್ತರಾಗಿರುವ ಪ್ರೊಫೆಸರು, ಕನ್ನಡಕ ಹಣೆಗೇರಿಸಿಕೊಂಡು, "ಕುಟುಂಬದ ಸದಸ್ಯರು ಅಂತ ಹಾಕಮ್ಮ, ತಕರಾರೇ ಇರಲ್ಲ," ಎಂದಿದ್ದರು. "ಸಾರ್, ಅದು ಅರ್ಜಿ ಫಾರಂ ಭಾಷೆ. ಕಾಯಿಲೆಯಿಂದ ಮಲಗಿರೋ ಹೆಂಗಸಿನ ಎದುರು ಕೂತು ಕುಟುಂಬದ ಸದಸ್ಯರು ಅಂದ್ರೆ ಆಕೆ ಎದ್ದು ನಿಂತ್ಕೊಂಡ್ಬಿಡ್ತಾಳೆ," ಎಂದು ಅವಳು ಹೇಳಿದ್ದಕ್ಕೆ ಕೋಣೆಯಲ್ಲಿದ್ದವರೆಲ್ಲ ನಕ್ಕಿದ್ದರು, ಮೇಷ್ಟ್ರೂ ನಕ್ಕು ಕೈಚೆಲ್ಲಿದ್ದರು. ಜನರ ಬಾಯಲ್ಲಿ ಇರುವ ಮಾತು ತನಗೆ ಗೊತ್ತು ಎಂಬ ಜಂಬ ಅವತ್ತು ಅವಳ ತಲೆಗೇರಿತ್ತು. ಪ್ರಶ್ನೆ ಸರಿಯಾಗಿದೆಯೇ ಎಂದು ಮೊದಲು ಹಾಸ್ಟೆಲ್ಲಿನ ಹುಡುಗಿಯರ ಮೇಲೆ ಪ್ರಯೋಗ ಮಾಡಿದಳು. ಅವರು ಅಪ್ಪ, ಅಮ್ಮ, ತಮ್ಮ, ತಂಗಿ ಎಂದೆಲ್ಲ ಲೆಕ್ಕ ಕೊಟ್ಟರು. ಮನೆ ಮನೆ ಸುತ್ತಿದವರೂ ಮದುವೆಯಾಗದ ವಿದ್ಯಾರ್ಥಿಗಳೇ. ಅಷ್ಟು ಜನರಲ್ಲಿ ಒಬ್ಬರಿಗಾದರೂ ಗಂಡ ಅಂತ ಒಬ್ಬ ಇದ್ದಿದ್ದರೆ!

ಬಂದ ಉತ್ತರಗಳನ್ನು ಕೂಡಿಸಿದಾಗ ಒಂದು ವಿಚಿತ್ರ ಕಾಣಿಸಿತ್ತು. ಗಂಡಸಿಗೆ ಕ್ಷಯ ಬಂದ ಮನೆಯಲ್ಲಿ ಕೆಮ್ಮುವವರು ತುಂಬ ಜನ. ಹೆಂಗಸಿಗೆ ಬಂದ ಮನೆಯಲ್ಲಿ ಬಹಳ ಕಡಿಮೆ. ವಿಧವೆಯರ ಮನೆಯಲ್ಲಂತೂ ಇಲ್ಲವೇ ಇಲ್ಲ ಎನ್ನಬೇಕು. ಅವಳು ರೋಮಾಂಚನಗೊಂಡಿದ್ದಳು. ಹೆಂಗಸರು ಕೆಮ್ಮುವಾಗ ಬಾಯಿಗೆ ಬಟ್ಟೆ ಅಡ್ಡ ಹಿಡಿಯುತ್ತಾರೆ, ತಮ್ಮ ಲೋಟ ಬೇರೆ ಇಡುತ್ತಾರೆ, ಮಕ್ಕಳನ್ನು ದೂರ ಮಲಗಿಸುತ್ತಾರೆ, ವಿಧವೆಯರು ಮೂಲೆಯಲ್ಲಿ ಒಂಟಿಯಾಗಿ ಉಳಿದುಬಿಡುತ್ತಾರೆ ಎಂದು ಕಾರಣ ಕೊಟ್ಟು ಬರೆದಳು. ದೊಡ್ಡ ಪತ್ರಿಕೆಯಲ್ಲಿ ಅಚ್ಚಾಯಿತು. ಅಲ್ಲಿ ಮನೆಯವರು ಎಂಬುದಕ್ಕಿದ್ದ ಇಂಗ್ಲಿಷಿನ ಪದದಲ್ಲಿ ಗಂಡನೂ ಇರಲಿಲ್ಲ ಹೆಂಡತಿಯೂ ಇರಲಿಲ್ಲ, ಇಡೀ ಮನೆ ಇತ್ತು. ಓದಿದವರು ಹೊಗಳಿದರು, ಬೇರೆಯವರು ತಮ್ಮ ಲೇಖನಗಳಲ್ಲಿ ಅದನ್ನೇ ಉದ್ಧರಿಸಿದರು, ದಿನಪತ್ರಿಕೆಯವರು 'ಮನೆ ಕಾಯುವ ತಾಯಂದಿರು' ಎಂದು ಹೆಡ್ಡಿಂಗು ಕೊಟ್ಟು ಅವಳ ಫೋಟೋ ಹಾಕಿದರು. ಅದನ್ನು ಅತ್ತೆ ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿದ್ದು ಇನ್ನೂ ಹಾಗೇ ಇದೆ. ಸಂಬಂಧಿಕರು ಬಂದಾಗ ಬೀರು ತೆಗೆಯುವ ನೆಪ ಮಾಡಿ ತೋರಿಸುತ್ತಾರೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಇರಲಾರದು ಎಂದು ಅವಳು ತನಗೇ ಹೇಳಿಕೊಂಡಳು. ತನಗೆ ಹಾಗೆ ಅನ್ನಿಸಿದ್ದು ಗಂಟಲು ನೋವಿನ ಅವಸರಕ್ಕೆ, ಬೇರೆ ಹೆಂಗಸರು ಹಾಗೇಕೆ ತಿಳಿದಾರು? ಹೀಗೆ ಸಮಾಧಾನ ಹೇಳಿಕೊಳ್ಳುತ್ತಿರುವಾಗಲೇ ಅಮ್ಮ ನೆನಪಾದಳು. ಬಾಗಿಲಲ್ಲಿ ಯಾರೋ ಜನಗಣತಿಯವನು, ಕಂಕುಳಲ್ಲಿ ದಪ್ಪ ಕಡತ, ಬಿಸಿಲಿಗೆ ಬೆವೆತ ಕತ್ತು. "ಮನೆಯವರು ಇದಾರೇನಮ್ಮಾ?" ಅಮ್ಮ ಅರ್ಧ ಬಾಗಿಲು ಮುಚ್ಚಿಕೊಂಡು, "ಇಲ್ಲ, ಹೊರಗೆ ಹೋಗಿದಾರೆ, ಸಾಯಂಕಾಲ ಬನ್ನಿ," ಎನ್ನುತ್ತಿದ್ದಾಳೆ. ಅಮ್ಮನ ಹಿಂದೆಯೇ ತಾನು ನಿಂತಿದ್ದಾಳೆ, ತಮ್ಮ ನಿಂತಿದ್ದಾನೆ, ಒಳಗೆ ಮಂಚದ ಮೇಲೆ ಅಜ್ಜಿ ನರಳುತ್ತಿದ್ದಾಳೆ. ಇಷ್ಟು ಜನ ಇರುವಾಗ ಅಮ್ಮ ಇಲ್ಲ ಎನ್ನುತ್ತಾಳಲ್ಲ, ಇದೆಂಥ ಸುಳ್ಳು ಎಂದು ಅವತ್ತು ಸಿಟ್ಟು ಬಂದಿತ್ತು. ಅಮ್ಮನ ಮೊಣಕೈ ಕೆಳಗಿನಿಂದ ತಲೆ ಹಾಕಿ "ನಾವಿದೀವಿ!" ಎಂದು ಕೂಗಿದ್ದಳು. ಆ ಮನುಷ್ಯ ನಕ್ಕು, "ನೀವು ಲೆಕ್ಕಕ್ಕಿಲ್ಲ ಪುಟ್ಟಿ, ಅಪ್ಪ ಬರಲಿ," ಎಂದು ಹೋಗಿದ್ದ. ಹಾಗಾದರೆ ಗೊತ್ತಿರಲಿಲ್ಲ ಎನ್ನುವಂತೆಯೂ ಇಲ್ಲ. ಚಿಕ್ಕಂದಿನಿಂದ ಕಿವಿಯ ಮೇಲೆ ಬೀಳುತ್ತಿದ್ದ ಮಾತು. 'ನಮ್ಮ ಮನೆಯವರಿಗೆ ಖಾರ ಆಗಲ್ಲ', 'ನಮ್ಮ ಮನೆಯವರನ್ನು ಕೇಳಿ ಹೇಳ್ತೀನಿ' ಎಂದು ಅಮ್ಮ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದಳು. ಕಾಲೇಜು ಸೇರಿದ ಮೇಲೆ ಇವಳಿಗೆ ಆ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. "ಅವರಿಗೆ ಹೆಸರಿಲ್ವಾ? ನಾವ್ಯಾರೂ ಮನೆಯವರಲ್ವಾ?" ಎಂದು ಜಗಳ ತೆಗೆದಿದ್ದಳು. ಅಮ್ಮ, "ನಿನಗೆ ಗೊತ್ತಾಗಲ್ಲ ಹೋಗೇ," ಎಂದು ಬೆನ್ನು ತಿರುಗಿಸಿದ್ದಳು. ತನಗೆ ಇಷ್ಟವಿಲ್ಲದ ಅರ್ಥವನ್ನು ಭಾಷೆಯಿಂದ ಕಿತ್ತುಹಾಕಿದೆ ಅಂದುಕೊಂಡಿದ್ದಳೇ ಇವಳು? ತಾನು ಒಪ್ಪದಿದ್ದರೆ ಊರಿನ ಹೆಂಗಸರೆಲ್ಲ ರಾತ್ರೋರಾತ್ರಿ ಗಂಡನಿಗೆ ಬೇರೆ ಪದ ಹುಡುಕಿಕೊಂಡಾರು ಎಂದೇ? ಮುಖ ಬಿಸಿಯಾಯಿತು. ಪಕ್ಕದಲ್ಲಿ ಕೂತಿದ್ದಾಕೆ, "ಜ್ವರ ಇದೆಯಾ?" ಎಂದು ಕೇಳಿ ಸ್ವಲ್ಪ ಸರಿದು ಕೂತಳು.

ಅವಳು ಕೆಲಸ ಮಾಡುವ ಸಂಶೋಧನಾ ಸಂಸ್ಥೆಯ ಮೆಟ್ಟಿಲ ಮೇಲೆಯೇ ಶೇಕಡಾ ಸಿಕ್ಕ. ಅಂಕಿಅಂಶ ವಿಭಾಗದವನು, ಏನು ಕೇಳಿದರೂ ಶೇಕಡಾ ಇಷ್ಟು ಎಂದು ಉತ್ತರ ಕೊಡುವುದರಿಂದ ಆ ಹೆಸರು. ಅವಳ ಲೇಖನದಲ್ಲಿ ಎರಡನೆಯ ಹೆಸರು ಅವನದು. "ಏನು ಮೇಡಂ, ಮದುವಣಗಿತ್ತಿ ಇಷ್ಟು ತಡವಾಗಿ ಬಂದ್ರೆ ಹೇಗೆ? ಮಧ್ಯಾಹ್ನ ಮೀಟಿಂಗು. ನಿರ್ದೇಶಕರು ಆಗಲೇ ಎರಡು ಸಲ ಕೇಳಿದ್ರು," ಎಂದ. ಮಧ್ಯಾಹ್ನದ ಮೀಟಿಂಗು ಅವಳಿಗೆ ಮರೆತಿರಲಿಲ್ಲ. ಅವಳ ಲೇಖನವನ್ನು ಆಧರಿಸಿದ ನಿಯಮ ಇವತ್ತು ಪಾಸಾಗಬೇಕು. ಗಂಡಸಿಗೆ ಕ್ಷಯ ಬಂದರೆ ಮನೆಮಂದಿಯನ್ನೆಲ್ಲ ಕರೆಸಿ ಎಕ್ಸ್‌ರೇ, ಕಫ ಪರೀಕ್ಷೆ. ಹೆಂಗಸಿಗೆ ಬಂದರೆ ಗಂಡನಿಗಷ್ಟೇ ಪರೀಕ್ಷೆ. ವಿಧವೆಯಾದರೆ ಯಾರನ್ನೂ ಕರೆಯುವ ಅಗತ್ಯವಿಲ್ಲ. ಈ ಊರಿನ ಆಸ್ಪತ್ರೆಯಲ್ಲಿ ಪ್ರಯೋಗಕ್ಕೆಂದು ಅದನ್ನು ಹೋದ ವರ್ಷವೇ ಜಾರಿಗೆ ತಂದಿದ್ದರು. ಕೆಲಸ ಹಗುರಾಯಿತು, ಸಾಲು ಕಡಿಮೆಯಾಯಿತು ಎಂದು ಎಲ್ಲರಿಗೂ ಖುಷಿ. ಇನ್ನು ಎಲ್ಲ ಕಡೆಯೂ ಜಾರಿ.

ಅವಳು ತನ್ನ ಕೋಣೆಗೆ ಹೋಗಲಿಲ್ಲ. ಲೆಕ್ಕಪತ್ರ ವಿಭಾಗದ ಕಿಟಕಿಯಲ್ಲಿ ಬಗ್ಗಿ, ಅಲ್ಲಿ ಕೂತಿದ್ದ ಹೆಂಗಸಿಗೆ, ಯಾವತ್ತೂ ಕುಶಲ ಕೇಳದವಳು, "ಮನೆಯವರು ಹೇಗಿದಾರೆ?" ಎಂದು ಕೇಳಿದಳು. ಆಕೆ ಪೆನ್ನು ಕೆಳಗಿಟ್ಟು, "ಈಗ ಪರವಾಗಿಲ್ಲ ಮೇಡಂ, ಸೊಂಟ ಹಿಡ್ಕೊಂಡಿತ್ತು. ಡ್ರೈವಿಂಗ್ ಅಲ್ವಾ," ಎಂದು ಗಂಡನ ಸೊಂಟದ ಕಥೆ ಶುರು ಮಾಡಿದಳು. ಕಾರಿಡಾರು ಗುಡಿಸುತ್ತಿದ್ದಾಕೆಯನ್ನು ಕೇಳಿದರೆ, "ಅವರಿಗೇನು ಮೇಡಂ, ಗುಂಡುಕಲ್ಲಿನ ಹಾಗಿದಾರೆ, ದುಡಿಯೋಳು ನಾನು," ಎಂದು ಪೊರಕೆ ಕುಟ್ಟಿದಳು. ಅವಳಿಗೆ ಇಷ್ಟೇ ಸಾಕಾಗಬೇಕಿತ್ತು. ಆದರೆ ಹಲ್ಲುನೋವಿನವರು ಅದೇ ಹಲ್ಲನ್ನು ನಾಲಿಗೆಯಿಂದ ಮತ್ತೆ ಮತ್ತೆ ಮುಟ್ಟಿ ನೋಡುವ ಹಾಗೆ ಲೈಬ್ರರಿಗೂ ಹೋದಳು. ಅಲ್ಲಿ ಲೈಬ್ರರಿ ಅಕ್ಕ ಹಳೆಯ ಸಂಚಿಕೆಗಳಿಗೆ ಗೋಂದು ಹಚ್ಚುತ್ತ ಕೂತಿದ್ದಳು. ಸಂಸ್ಥೆಗೆಲ್ಲ ಅಕ್ಕನಾದ ಅವಳು ಇವಳನ್ನು ನೋಡಿದ್ದೇ ಕುರ್ಚಿ ಎಳೆದುಕೊಟ್ಟಳು. "ಅಕ್ಕಾ, ನಿಮ್ಮ ಮನೆಯವರು ಹೇಗಿದಾರೆ?" ಎಂದಳು ಇವಳು, ಒಂದು ಉಸಿರಿಗೆ.

ಲೈಬ್ರರಿ ಅಕ್ಕನ ಕೈಯಲ್ಲಿದ್ದ ಬ್ರಷ್ಷು ಹಾಗೇ ನಿಂತಿತು. ಗೋಂದಿನ ಒಂದು ಹನಿ ಮೇಜಿನ ಮೇಲೆ ಬಿತ್ತು. "ಯಾಕೆ ಹೀಗೆ ಕೇಳ್ತೀರಿ? ಅವರು ಹೋದಾಗ ನೀವೂ ಮಣ್ಣಿಗೆ ಬಂದಿದ್ರಲ್ಲ," ಎಂದಳು ಮೆಲ್ಲಗೆ. ಹೌದು, ಹೋಗಿದ್ದಳು. ಕಪ್ಪು ಕೊಡೆ ಹಿಡಿದುಕೊಂಡು ಎಲ್ಲರಿಗಿಂತ ಹಿಂದೆ ನಿಂತು, ಎಷ್ಟು ಹೊತ್ತಿಗೆ ಮುಗಿಯುತ್ತದೋ ಎಂದು ಗಡಿಯಾರ ನೋಡಿಕೊಂಡಿದ್ದಳು. "ಅಯ್ಯೋ ಅಕ್ಕ, ನಾನು ಕೇಳಿದ್ದು ಹಾಗಲ್ಲ. ಮನೇಲಿರೋರು ಎಲ್ಲ, ಮಕ್ಕಳು, ಅಮ್ಮ…" ಎಂದು ಅವಳು ತಡವರಿಸಿದಳು. "ಹಾಗೆ ಕೇಳಿ ಮತ್ತೆ. ಮಗ ಚೆನ್ನಾಗಿದಾನೆ, ಸೊಸೆ ಚೆನ್ನಾಗಿದಾಳೆ, ಮೊಮ್ಮಗು ಬಂದಿದೆ," ಎಂದು ಆಕೆ ಹೇಳಿ, ಹನಿ ಬಿದ್ದ ಜಾಗವನ್ನು ಬೆರಳಿಂದ ಒರೆಸಿ ಒರೆಸಿ, ತಲೆ ಎತ್ತದೆ ಕೂತಳು. ಇವಳಿಗೆ ಹೊರಡಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ತುಂಬಿದ ಮನೆಯ ಈ ಹೆಂಗಸು ತನ್ನ ಕೋಷ್ಟಕದಲ್ಲಿ 'ಒಂಟಿ'. ಪ್ರಶ್ನೆ ಕೇಳಲು ಬಂದ ಹುಡುಗನಿಗೆ ಎಷ್ಟು ವಿಧವೆಯರು ಹೀಗೆ ಬಾಯಿ ಒಣಗಿ, 'ಇಲ್ಲಪ್ಪ' ಎಂದಿದ್ದರೋ. ಅವನು ಕೆಮ್ಮಿನ ಮುಂದೆ 'ಇಲ್ಲ' ಎಂದು ಗುರುತು ಹಾಕಿಕೊಂಡಿದ್ದ. ಅವರು ಹೇಳಿದ್ದು ಗಂಡ ಇಲ್ಲ ಎಂದು. ಅದರ ಮೇಲೆ ತಾನು ವಿಧವೆಯರ ಏಕಾಂತದ ಬಗ್ಗೆ ಒಂದಿಡೀ ಪ್ಯಾರಾ ಬರೆದಿದ್ದಳು. ಆ ಪ್ಯಾರಾವನ್ನು ಸಭೆಯೊಂದರಲ್ಲಿ ಗಂಟಲು ನಡುಗಿಸಿ ಓದಿಯೂ ಇದ್ದಳು.

ಶೇಕಡಾ ಎಲ್ಲವನ್ನೂ ಕೇಳಿಸಿಕೊಂಡ. ಮೊದಲು ನಕ್ಕ, ಆಮೇಲೆ ಎದ್ದು ಬಾಗಿಲು ಹಾಕಿದ. "ನೋಡಿ ಮೇಡಂ, ಎಲ್ಲಾ ಹೆಂಗಸರೂ ಹಾಗೆ ತಿಳ್ಕೊಂಡಿರಲ್ಲ. ಶೇಕಡಾ ಇಪ್ಪತ್ತು ಅನ್ನಿ, ಮೂವತ್ತು ಅನ್ನಿ."

"ಗಂಡಸರಿಗೂ ಹೆಂಗಸರಿಗೂ ನಾವು ಕಂಡ ವ್ಯತ್ಯಾಸ ಎಷ್ಟಿತ್ತು?"

ಲೆಕ್ಕ ಅವನಿಗೆ ಬಾಯಿಪಾಠ, ವ್ಯತ್ಯಾಸವೂ ಅಷ್ಟೇ ಇತ್ತು. "ಗಂಡಸರೂ ಹೆಂಡತೀನ ಮನೆಯವರು ಅಂತಾರಲ್ಲ," ಎಂದ, ಕಡೆಯ ಹುಲ್ಲುಕಡ್ಡಿ ಹಿಡಿಯುವವನ ಹಾಗೆ.

"ಅಂತಾರೆ. ಆದರೆ ಕೇಳಿದಾಗ ಹೆಂಡತಿ, ಮಕ್ಕಳು, ತಾಯಿ ಅಂತ ಇಡೀ ಮನೇನೇ ಒಪ್ಪಿಸಿದಾರೆ. ಅವರಿಗೆ ನಾಚಿಕೆ ಇಲ್ಲ. ಹೆಸರು ಹೇಳದೆ ಇರಬೇಕಾದ ಕಟ್ಟುಪಾಡೂ ಇಲ್ಲ."

"ಇರಬಹುದು. ಈಗ ಹುತ್ತಕ್ಕೆ ಕೈ ಹಾಕಿ ಏನು ಮಾಡ್ತೀರಿ? ಲೇಖನ ಬಂದು ಎಷ್ಟು ಕಾಲ ಆಯ್ತು. ಬೇರೆಯವರು ಮನೆ ಮೇಲೆ ಮನೆ ಕಟ್ಕೊಂಡು ಕೂತಿದಾರೆ. ನೀವು ಅಡಿಪಾಯದ ಕಲ್ಲು ಎಳೀತೀನಿ ಅಂತೀರಿ. ನನಗೆ ಬಡ್ತಿ ಬರೋ ಹೊತ್ತು, ನಾನು ಮುಚ್ಚಿಡಲ್ಲ ಹೇಳ್ತೀನಿ. ಇವತ್ತೊಂದು ದಿನ ಬಾಯಿ ಹೊಲ್ಕೊಳ್ಳಿ. ಆಮೇಲೆ ನಿಧಾನವಾಗಿ ಹೊಸ ಅಧ್ಯಯನ ಅಂತ ಮಾಡೋಣ, ಅದರಲ್ಲಿ ಬೇರೆ ಉತ್ತರ ಬಂತು ಅಂತ ಹೇಳೋಣ. ಯಾರಿಗೂ ಮುಖಭಂಗ ಆಗಲ್ಲ." ಅವನ ಮಾತು ಕೆಟ್ಟವನ ಮಾತಿನಂತಿರಲಿಲ್ಲ. ಕಷ್ಟದಲ್ಲಿರುವ ತಂಗಿಗೆ ಅಣ್ಣ ಹೇಳುವ ಹಾಗೆ ಹೇಳಿದ್ದ. ಅವಳಿಗೆ ಹೆಚ್ಚು ನಾಚಿಕೆಯಾದದ್ದು ಅವನ ಸಲಹೆಯಿಂದಲ್ಲ. ಅದನ್ನು ಕೇಳಿದಾಗ ತನ್ನ ಎದೆಯ ಮೇಲಿನ ಭಾರ ಇಳಿದಂತಾದದ್ದರಿಂದ.

ಊಟದ ಹೊತ್ತಿಗೆ ಮನೆಗೆ ಫೋನು ಮಾಡಿದಳು. ಅತ್ತೆ ಎತ್ತಿದರು. "ಅತ್ತೆ, ಕೆಮ್ಮು ಹೇಗಿದೆ?"

"ಯಾರ ಕೆಮ್ಮು?"

"ನಿಮ್ಮದೇ."

"ನನ್ನದಾ? ಏನಾಯ್ತೇ ನಿನಗೆ ಇವತ್ತು? ನನ್ನದೇನು ಹೊಸದಾ! ಯಾರಾದರೂ ಏನಾದರೂ ಅಂದ್ರಾ?" ಎಂದು ಅತ್ತೆ ಗಾಬರಿಯಾದರು. ಸೊಸೆ ಆಫೀಸಿನಿಂದ ಫೋನು ಮಾಡಿ ತಮ್ಮ ಕೆಮ್ಮು ವಿಚಾರಿಸುವುದೆಂದರೆ ಎಲ್ಲೋ ಏನೋ ಕೆಟ್ಟದ್ದು ನಡೆದಿರಬೇಕು ಎಂಬ ಗಾಬರಿ. "ಏನಿಲ್ಲ ಅತ್ತೆ, ಸಿರಪ್ ತಗೊಂಡಿದೀನಿ, ನಾಳೆ ಒಂದು ಎಕ್ಸ್‌ರೇ ಮಾಡ್ಸೋಣ." "ಅದೆಲ್ಲ ಇರಲಿ, ಇವತ್ತು ದೊಡ್ಡವರ ಮುಂದೆ ನಿನ್ನ ಭಾಷಣ ಅಲ್ವಾ? ಗಂಟಲು ನೋಡ್ಕೋ, ಬಿಸಿನೀರು ಕುಡಿ. ಬೆಳಿಗ್ಗೆ ನನ್ನ ಕೆಮ್ಮಿಂದ ನಿನ್ನ ನಿದ್ದೆ ಕೆಟ್ಟಿತೇನೋ, ದಿಂಬು ಒತ್ತಿ ಹಿಡ್ಕೊಂಡೆ, ಆದರೂ ಬಂತು," ಎಂದರು ಅತ್ತೆ. ಅವಳು ಫೋನು ಇಟ್ಟಳು. ಬಾಯಿಗೆ ಬಟ್ಟೆ ಅಡ್ಡ ಹಿಡಿಯುವ ಹೆಂಗಸು! ತಾನು ಬರೆದದ್ದು ಪೂರ್ತಿ ಸುಳ್ಳೂ ಅಲ್ಲ. ಆದರೆ ದಿಂಬು ಒತ್ತಿ ಹಿಡಿದದ್ದು ರೋಗ ಹರಡದಿರಲಿ ಎಂದಲ್ಲ, ಸೊಸೆಗೆ ಸಿಟ್ಟು ಬಾರದಿರಲಿ ಎಂದು.

ಮೀಟಿಂಗಿನ ಕೋಣೆಯಲ್ಲಿ ಉದ್ದ ಮೇಜು, ಅದರ ಮೇಲೆ ಹಸಿರು ಬಟ್ಟೆ, ಪ್ರತಿಯೊಬ್ಬರ ಮುಂದೆ ಮುಚ್ಚಳ ಹಾಕಿದ ನೀರಿನ ಲೋಟ. ನಿರ್ದೇಶಕರು ನಡುವೆ ಕೂತಿದ್ದರು. ದುಂಡು ಮುಖದ, ಜೋಕು ಹೇಳದೆ ಸಭೆ ಶುರು ಮಾಡದ ಮನುಷ್ಯ. ಊರಿನ ಆಸ್ಪತ್ರೆಯ ಕ್ಷಯ ವಿಭಾಗದ ಡಾಕ್ಟರು, ಸಣಕಲು, ಮಾತು ಕಡಿಮೆ, ಬಾಗಿಲ ಹತ್ತಿರ ಕೂತಿದ್ದರು. ಉಳಿದವರೆಲ್ಲ ಗಂಡಸರು, ಫೈಲಿನವರು. "ನಮ್ಮ ಮನೇಲೂ ಅಷ್ಟೇ," ಎಂದು ನಿರ್ದೇಶಕರು ಆರಂಭಿಸಿದರು. "ನನಗೆ ನೆಗಡಿ ಬಂದ್ರೆ ಊರಿಗೆಲ್ಲ ಗೊತ್ತಾಗುತ್ತೆ. ಅವಳಿಗೆ ಬಂದ್ರೆ ನನಗೂ ಗೊತ್ತಾಗಲ್ಲ. ಅದನ್ನೇ ಮೇಡಂ ಲೆಕ್ಕ ಹಾಕಿ ತೋರಿಸಿದಾರೆ." ಎಲ್ಲರೂ ನಕ್ಕರು. ನಿಯಮದ ಪ್ರತಿ ಪಕ್ಕದ ಕೋಣೆಯಲ್ಲಿ ಟೈಪಾಗುತ್ತಿದೆ, ಬಂದ ತಕ್ಷಣ ಸಹಿ ಹಾಕೋಣ, ಅಷ್ಟರಲ್ಲಿ ಮೇಡಂ ನಾಲ್ಕು ಮಾತಾಡಲಿ ಎಂದರು.

ಅವಳು ಎದ್ದು ನಿಂತಳು. ಹೇಳಬೇಕಾದ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ಶೇಕಡಾ ಎದುರಿನ ಕುರ್ಚಿಯಿಂದ ಅವಳನ್ನೇ ನೋಡುತ್ತಿದ್ದ. ಅವಳು, "ಯಾವ ಅಧ್ಯಯನಕ್ಕೂ ಮಿತಿ ಇರುತ್ತೆ. ನಮ್ಮದಕ್ಕೂ ಇದೆ. ಪ್ರಶ್ನೆಗಳ ಭಾಷೆಯನ್ನ ಇನ್ನೊಮ್ಮೆ ಪರಿಶೀಲಿಸಬೇಕು ಅಂತ ನನಗನ್ನಿಸುತ್ತೆ. ನಿಯಮ ಸ್ವಲ್ಪ ನಿಧಾನವಾಗಿ ಜಾರಿಯಾದ್ರೆ ಒಳ್ಳೇದು," ಎಂದು ಹೇಳಿ ನೀರಿನ ಲೋಟ ಎತ್ತಿಕೊಂಡಳು. ಆ ಮಾತುಗಳಲ್ಲಿ ಒಂದೂ ಸುಳ್ಳಲ್ಲ, ಒಂದೂ ನಿಜವಲ್ಲ. ನಿರ್ದೇಶಕರು ಮೇಜು ತಟ್ಟಿದರು. "ನೋಡಿ, ಇದು ವಿಜ್ಞಾನಿಯ ವಿನಯ! ತಾನು ಮಾಡಿದ್ದೇ ಸರಿ ಅನ್ನೋರ ಮಧ್ಯೆ ಇಂಥವರೂ ಇದಾರೆ," ಎಂದರು. ಸುತ್ತ ಕೂತವರು ತಲೆದೂಗಿದರು. ಒಬ್ಬರು ಮೆಲ್ಲಗೆ ಚಪ್ಪಾಳೆಯನ್ನೂ ತಟ್ಟಿದರು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೈಸಿಕೊಂಡಿದ್ದರೆ ಸಹಿಸಿಕೊಳ್ಳುತ್ತಿದ್ದಳು, ಈ ಹೊಗಳಿಕೆ ಮಾತ್ರ ಮೈಗೆ ಅಂಟಿಕೊಂಡಂತಾಗಿ ಕೊಡವಿಕೊಳ್ಳಲು ಆಗಲಿಲ್ಲ. ಕೂತಳು. ಕೂತಲ್ಲಿ ಮತ್ತೆ ಅಮ್ಮ ಅರ್ಧ ಬಾಗಿಲು ಹಿಡಿದು ನಿಂತಂತೆ, ಒಳಗೆ ಅಜ್ಜಿ ನರಳಿದಂತೆ. ಆಸ್ಪತ್ರೆಯ ಡಾಕ್ಟರು ಆಗ ಕೆಮ್ಮಿ ಗಂಟಲು ಸರಿಮಾಡಿಕೊಂಡು, "ನಿಧಾನ ಅಂದ್ರೆ ಹೇಗೆ ಮೇಡಂ? ನಮ್ಮಲ್ಲಿ ಆಗಲೇ ನಡೀತಿದೆಯಲ್ಲ. ಹೆಂಗಸು ರೋಗಿಯಾದ್ರೆ ಮಕ್ಕಳನ್ನ ನಾವು ಕರೀತಾನೇ ಇಲ್ಲ. ಏನಾದ್ರೂ ತೊಂದರೆ ಇದೆಯಾ?" ಎಂದು ಕೇಳಿದರು. ನೇರವಾಗಿ, ಅನುಮಾನವಿಲ್ಲದೆ ಕೇಳಿದರು.

"ಇದೆ," ಎಂದಳು. ಎದ್ದು ನಿಲ್ಲಲು ಕೂಡ ನೆನಪಾಗಲಿಲ್ಲ. "ಪ್ರಶ್ನೆಯೇ ತಪ್ಪು. ನಾನು ಮನೆಯವರು ಅಂತ ಬರೆದೆ. ಹೆಂಗಸರು ಗಂಡ ಅಂತ ತಿಳ್ಕೊಂಡ್ರು. ಗಂಡನಿಗೆ ಕೆಮ್ಮಿಲ್ಲ ಅಂದ್ರು, ನಾವು ಮನೇಲಿ ಯಾರಿಗೂ ಇಲ್ಲ ಅಂತ ಬರ್ಕೊಂಡ್ವಿ. ಅವರ ಮಕ್ಕಳ ಬಗ್ಗೆ, ಅತ್ತೆ ಮಾವನ ಬಗ್ಗೆ ನಾವು ಕೇಳೇ ಇಲ್ಲ. ಬಾಯಿಗೆ ಬಟ್ಟೆ, ಬೇರೆ ಲೋಟ, ಅದೆಲ್ಲ ನಾನು ಕಟ್ಟಿದ್ದು. ಇವತ್ತು ಬೆಳಿಗ್ಗೆ ಗೊತ್ತಾಯ್ತು. ಈಗ ಎದ್ದು ನಿಂತಾಗಲೂ ಗೊತ್ತಿತ್ತು, ಹೇಳಲಿಲ್ಲ. ಲೇಖನ ವಾಪಸ್ ತಗೋಬೇಕು."

ಶೇಕಡಾ ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದ. ನಿರ್ದೇಶಕರ ಮುಖದಲ್ಲಿ ಅರ್ಧ ನಗು ಉಳಿದಿತ್ತು, ಅದನ್ನು ಏನು ಮಾಡಬೇಕೆಂದು ಅವರಿಗೆ ತಿಳಿದಂತಿರಲಿಲ್ಲ. "ಒಂದು ಪದಕ್ಕೆ ಇಷ್ಟೆಲ್ಲ ಆಗುತ್ತಾ ಮೇಡಂ? ನೀವು ತೀರಾ…" ಎನ್ನುವಷ್ಟರಲ್ಲಿ ಬಾಗಿಲು ತೆರೆದು ಟೈಪಿಸ್ಟ್ ಬಂದಳು. ಟೈಪು ಮಾಡಿದ ನಿಯಮದ ಪ್ರತಿಗಳು ಕೈಯಲ್ಲಿದ್ದವು. ತೆಳ್ಳಗಿನ, ಸದಾ ಅವಸರದ ಹೆಂಗಸು, ಏಳು ಜನ್ಮಕ್ಕೂ ಮುಗಿಯದ ಕೆಲಸ ಎಂದು ಎಲ್ಲರೊಡನೆ ತಮಾಷೆ ಮಾಡುವವಳು. ನಿರ್ದೇಶಕರಿಗೆ ದಾರಿ ಸಿಕ್ಕಿತು. "ಬನ್ನಿ ಬನ್ನಿ. ಈಗಲೇ ನೋಡ್ಬಿಡೋಣ. ಏನಮ್ಮಾ, ನಿಮ್ಮ ಮನೆಯವರಿಗೆ ಕೆಮ್ಮು ಗಿಮ್ಮು ಇದೆಯಾ?"

"ಇಲ್ಲ ಸಾರ್," ಎಂದಳು ಟೈಪಿಸ್ಟ್, ಪ್ರತಿಗಳನ್ನು ಮುಂದಿಡುತ್ತ. "ಅವರು ಊರಲ್ಲೇ ಇಲ್ಲ, ಡ್ಯೂಟಿ ಮೇಲೆ ಹೋಗಿದಾರೆ."

ಮೇಜಿನ ಸುತ್ತ ನಗು ಸಿಡಿಯಿತು. ಬಿಗಿಹಿಡಿದ ಉಸಿರು ಬಿಟ್ಟವರ ನಗು. ಟೈಪಿಸ್ಟ್ ಗಲಿಬಿಲಿಗೊಂಡು, "ಟೈಪಿಂಗ್ ತಪ್ಪಾಗಿದೆಯಾ ಸಾರ್?" ಎಂದಳು. "ಇಲ್ಲಮ್ಮ, ಸರಿಯಾಗೇ ಇದೆ. ಅಂತೂ ಮನೇಲಿ ಯಾರಿಗೂ ಕೆಮ್ಮಿಲ್ಲ, ಅಲ್ವಾ?" ಎಂದರು ನಿರ್ದೇಶಕರು ಕಣ್ಣೊರೆಸಿಕೊಳ್ಳುತ್ತ.

"ಇದೆಯಲ್ಲ ಸಾರ್. ಚಿಕ್ಕ ಮಗುಗೆ ಇದೆ. ಬಹಳ ದಿನ ಆಯ್ತು, ಹೋಗ್ತಾನೇ ಇಲ್ಲ. ಮೈಕೈನೂ ಸೊರಗಿದೆ."

"ಮತ್ತೆ ಇಲ್ಲ ಅಂದ್ರಿ?"

"ನೀವು ಮನೆಯವರಿಗೆ ಅಂದ್ರಲ್ಲ ಸಾರ್."

ನಗು ಒಬ್ಬೊಬ್ಬರ ಮುಖದಿಂದ ಇಳಿಯಿತು. ಆಸ್ಪತ್ರೆಯ ಡಾಕ್ಟರು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತಿದ್ದರು. ಅವಳು ಮೇಜು ಸುತ್ತಿಕೊಂಡು ಟೈಪಿಸ್ಟ್ ಹತ್ತಿರ ಬಂದಳು. ಇಷ್ಟು ವರ್ಷ ಒಂದೇ ಕಟ್ಟಡದಲ್ಲಿ ಇದ್ದರೂ ಆಕೆಗೆ ಮಕ್ಕಳಿದ್ದಾರೆ ಎಂಬುದು ತಿಳಿದದ್ದು ಈಗ. "ನಿಮ್ಮನೇಲಿ ಯಾರ್ಯಾರು ಇದೀರಿ?" ಎಂದು ಕೇಳಿದಳು.

"ನಾನು, ಇವರು, ದೊಡ್ಡವಳು, ಚಿಕ್ಕದು, ನಮ್ಮತ್ತೆ. ಭಾವನ ಮಗ ಒಬ್ಬ ಓದೋಕೆ ಅಂತ ಇದಾನೆ. ಯಾಕೆ ಮೇಡಂ?"

"ಮಗುನ ಯಾರು ನೋಡ್ಕೊಳ್ತಾರೆ?"

"ಅತ್ತೇನೇ. ಹುಟ್ಟಿದಾಗಿಂದ ಅವರ ಪಕ್ಕದಲ್ಲೇ ಮಲಗೋದು."

"ಅವರು ಹೇಗಿದಾರೆ?"

"ಈಗ ಗಟ್ಟಿಯಾಗಿದಾರೆ ಮೇಡಂ. ಹೋದ ವರ್ಷ ಟಿ.ಬಿ. ಆಗಿತ್ತು, ಔಷಧಿ ತಗೊಂಡು ವಾಸಿಯಾಯ್ತು," ಎಂದು ಟೈಪಿಸ್ಟ್ ಹೇಳಿ, ಡಾಕ್ಟರ ಮುಖ ಕಂಡು ಅವರಿಗೆ ಸಾಕ್ಷಿ ಹೇಳುವಂತೆ ತಿರುಗಿದಳು. "ಇವರ ಆಸ್ಪತ್ರೆಯಲ್ಲೇ. ನಾವು ಮಕ್ಕಳನ್ನೂ ಕರ್ಕೊಂಡು ಹೋಗಿದ್ವಿ, ಪರೀಕ್ಷೆ ಮಾಡ್ತಾರೇನೋ ಅಂತ. ನಿಮ್ಮತ್ತೆಗೆ ಗಂಡ ಇಲ್ವಲ್ಲ, ಹಾಗಾದ್ರೆ ಬೇರೆ ಯಾರಿಗೂ ಬೇಕಾಗಿಲ್ಲ, ಹೊಸ ನಿಯಮ ಅಂತ ವಾಪಸ್ ಕಳಿಸಿದ್ರು. ಎಳೇ ಮಗುಗೆ ಎಕ್ಸ್‌ರೇ ತಪ್ಪಿತಲ್ಲ ಅಂತ ನಮಗೂ ನೆಮ್ಮದಿ ಆಯ್ತು." ಆಮೇಲೆ ಇವಳ ಕಡೆ ನೋಡಿ, ದೊಡ್ಡವರ ಸಭೆಯಲ್ಲಿ ಹೇಳಲೋ ಬೇಡವೋ ಎಂದು ಸಂಕೋಚಪಡುತ್ತ, "ಇದನ್ನ ಕಂಡುಹಿಡಿದಿದ್ದು ನಮ್ಮ ಮೇಡಮ್ಮೇ ಅಂತ ನಾನು ಅತ್ತೆಗೆ ಹೇಳಿದೆ. ಅವರು ನಿಮ್ಮನ್ನ ಒಂದು ಸಲ ನೋಡ್ಬೇಕು ಅಂತಿರ್ತಾರೆ," ಎಂದು ನಕ್ಕಳು.

ಅವಳು ಆಕೆಯ ಕೈ ಹಿಡಿದುಕೊಂಡಳು. "ಮಗುನ ಆಸ್ಪತ್ರೆಗೆ ಕರ್ಕೊಂಡು ಹೋಗೋಣ. ಈಗಲೇ. ನಾನೂ ಬರ್ತೀನಿ."

"ಯಾಕೆ ಮೇಡಂ? ಬೇಡ ಅಂತ ನೀವೇ ಬರೆದಿದ್ರಲ್ಲ," ಎಂದಳು ಟೈಪಿಸ್ಟ್, ಇನ್ನೂ ನಗುತ್ತಲೇ.